ಇಂಗ್ಲಿಷ್ ನುಡಿಗಟ್ಟು: ಪದ ಬಿಡಿ, ಪ್ರಸಂಗ ಹಿಡಿಯಿರಿ

ವಾಕ್ಯದ ಒಂದೊಂದು ಪದವೂ ಗೊತ್ತಿರುತ್ತದೆ, ವಾಕ್ಯ ಮಾತ್ರ ತಲೆಗೆ ಹತ್ತುವುದಿಲ್ಲ. ಇಂಗ್ಲಿಷ್ ಓದುವಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚು ತಡವರಿಸುವುದು ಇಲ್ಲಿಯೇ. ‘ಹಿ ಗಾಟ್ ಕೋಲ್ಡ್ ಫೀಟ್’ ಎಂಬ ವಾಕ್ಯದಲ್ಲಿ ಐದನೆಯ ತರಗತಿಯ ಹುಡುಗನಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೂ ‘ಅವನ ಪಾದ ತಣ್ಣಗಾಯಿತು’ ಎಂದು ಬರೆದರೆ ಅಂಕ ಹೋಯಿತು. ಕೊನೆಗಳಿಗೆಯಲ್ಲಿ ಅವನು ಧೈರ್ಯ ಸಾಲದೆ ಹಿಂದೆ ಸರಿದ ಎಂಬುದು ಅದರ ಅರ್ಥ.

ಇಂಥ ಮಾತುಗಳೇ ನುಡಿಗಟ್ಟುಗಳು. ಶಾಲೆಯ ಇಂಗ್ಲಿಷ್ ಪಾಠದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ, ನೌಕರಿಯ ಸಂದರ್ಶನದಲ್ಲಿ, ಕಚೇರಿಯ ಇ–ಮೇಲಿನಲ್ಲಿ ಇವು ಎದುರಾಗುತ್ತಲೇ ಇರುತ್ತವೆ. ನೂರಾರು ನುಡಿಗಟ್ಟುಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡುವ ರೂಢಿ ನಮ್ಮಲ್ಲಿದೆ. ಆ ದಾರಿಯಲ್ಲಿ ಕಲಿತದ್ದು ಪರೀಕ್ಷೆ ಮುಗಿದ ಮರುವಾರ ಮರೆತುಹೋಗುತ್ತದೆ. ಅದಕ್ಕಿಂತ ಗಟ್ಟಿಯಾದ ದಾರಿಯೊಂದಿದೆ, ಅದಕ್ಕೆ ಬೇಕಾದ ಬಂಡವಾಳ ವಿಜಯಪುರ ಜಿಲ್ಲೆಯ ಪ್ರತಿ ಮನೆಯಲ್ಲೂ ಇದೆ.

ನೀವು ದಿನವೂ ಆಡುವುದೇ ಇದು

‘ಅವನ ಮಾತು ಕೇಳಿ ಹೊಟ್ಟಿ ಉರೀತು’ ಎನ್ನುತ್ತೇವೆ. ಹೊಟ್ಟೆಯಲ್ಲಿ ಬೆಂಕಿ ಹತ್ತಿರುವುದಿಲ್ಲ. ‘ಮುಂಜಾನಿಂದ ತಲಿ ತಿನ್ನಾಕತ್ತಾನ’ ಎಂದು ತಾಯಿ ಬೈದರೆ ಮಗ ತಲೆ ಮುಟ್ಟಿ ನೋಡಿಕೊಳ್ಳುವುದಿಲ್ಲ. ‘ಕೈ ಮೀರಿ ಹೋಯ್ತು’, ‘ಬಾಯಿ ಬಿಟ್ಟ’, ‘ಕಣ್ಣ ಮುಚ್ಚಿದ’, ‘ಮೂಗು ಮುರಿದ್ಲು’ ಇವೆಲ್ಲ ನಾವು ಯೋಚಿಸದೆಯೇ ಆಡುವ ಮಾತುಗಳು. ಬಿಡಿ ಪದಗಳ ಅರ್ಥ ಕೂಡಿಸಿದರೆ ಇವುಗಳ ಅರ್ಥ ಸಿಗದು. ಇಡೀ ನುಡಿಗಟ್ಟಿಗೆ ಬೇರೆಯದೇ ಅರ್ಥ ಕೂತಿರುತ್ತದೆ. ಇಂಗ್ಲಿಷ್ ನುಡಿಗಟ್ಟೂ ಹೀಗೆಯೇ.

ಗಾದೆಗೂ ನುಡಿಗಟ್ಟಿಗೂ ವ್ಯತ್ಯಾಸವಿದೆ, ಪರೀಕ್ಷೆಗೆ ಓದುವವರು ಇದನ್ನು ತಿಳಿದಿರಬೇಕು. ಗಾದೆ ಪೂರ್ಣ ವಾಕ್ಯ, ಒಂದು ಬುದ್ಧಿಮಾತು. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬುದು ಗಾದೆ. ನುಡಿಗಟ್ಟು ವಾಕ್ಯದ ಒಂದು ತುಂಡು. ‘ಕಣ್ಣಿಗೆ ಮಣ್ಣೆರಚು’ ಎಂಬುದನ್ನು ಯಾರು, ಯಾರಿಗೆ, ಯಾವಾಗ ಎಂದು ಸೇರಿಸಿಯೇ ಬಳಸಬೇಕು. ಆದ್ದರಿಂದ ಗಾದೆಯನ್ನು ಇದ್ದಂತೆ ಹೇಳಿದರೆ ಸಾಕು, ನುಡಿಗಟ್ಟನ್ನು ಕಾಲಕ್ಕೆ, ವ್ಯಕ್ತಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಕಲಿಯುವ ಸೂತ್ರ ಇಷ್ಟೇ: ಇಂಗ್ಲಿಷ್ ನುಡಿಗಟ್ಟು ಕಂಡಾಗ ‘ಈ ಪದಕ್ಕೆ ಕನ್ನಡದಲ್ಲಿ ಏನು?’ ಎಂದು ಕೇಳಬೇಡಿ. ‘ಇಂಥ ಪ್ರಸಂಗ ಬಂದಾಗ ನಮ್ಮೂರಾಗ ಏನಂತಾರ?’ ಎಂದು ಕೇಳಿಕೊಳ್ಳಿ.

ಪತ್ರಿಕೆ ಓದುವವರಿಗೆ ಅರ್ಧ ಗೊತ್ತೇ ಇದೆ

ಕನ್ನಡ ಪತ್ರಿಕೆಗಳು ಎಷ್ಟೋ ಇಂಗ್ಲಿಷ್ ನುಡಿಗಟ್ಟುಗಳನ್ನು ಕನ್ನಡಕ್ಕೆ ಇಳಿಸಿ ದಶಕಗಳೇ ಕಳೆದಿವೆ. ಇವು ಹೊರಗಿನಿಂದ ಬಂದವು ಎಂಬುದೇ ನಮಗೆ ಮರೆತಿದೆ. ಇಂಗ್ಲಿಷ್ ರೂಪವನ್ನು ಪಕ್ಕದಲ್ಲಿಟ್ಟುಕೊಂಡರೆ ಕಲಿಕೆ ಅರ್ಧ ಮುಗಿದಂತೆ.

‘ವೈಟ್ ಎಲಿಫೆಂಟ್’ ಎಂದರೆ ಬಿಳಿ ಆನೆ: ಸಾಕಲು ಬಲು ಖರ್ಚು, ಉಪಯೋಗ ಕಡಿಮೆ. ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ ರಾಜ ತನಗಾಗದ ಆಸ್ಥಾನಿಕನಿಗೆ ಬಿಳಿ ಆನೆಯನ್ನು ಉಡುಗೊರೆ ಕೊಡುತ್ತಿದ್ದನಂತೆ. ಪವಿತ್ರ ಪ್ರಾಣಿಯಾದ್ದರಿಂದ ದುಡಿಸುವಂತಿಲ್ಲ, ಅರಸನ ಕೊಡುಗೆಯಾದ್ದರಿಂದ ಬಿಡುವಂತಿಲ್ಲ. ಸಾಕುವುದರಲ್ಲೇ ಮನೆ ಬರಿದಾಗುತ್ತಿತ್ತು ಎಂದು ಕಥೆ.

‘ಕ್ರೊಕಡೈಲ್ ಟಿಯರ್ಸ್’ ಎಂದರೆ ಮೊಸಳೆ ಕಣ್ಣೀರು, ತೋರಿಕೆಯ ದುಃಖ. ಆಲಮಟ್ಟಿ ಹಿನ್ನೀರಿನಲ್ಲಿ, ಕೃಷ್ಣೆಯ ದಂಡೆಯಲ್ಲಿ ಮೊಸಳೆ ಕಂಡ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ರೈತರಿಗೆ ಈ ಪ್ರಾಣಿಯ ದುಃಖವನ್ನು ಯಾರೂ ನಂಬಬಾರದೆಂದು ಬೇರೆ ಹೇಳಬೇಕಿಲ್ಲ.

‘ಬರ್ಡ್ಸ್ ಐ ವ್ಯೂ’ ವಿಹಂಗಮ ನೋಟ. ‘ಗ್ರೀನ್ ಸಿಗ್ನಲ್’ ಹಸಿರು ನಿಶಾನೆ. ‘ಬ್ಲೂಪ್ರಿಂಟ್’ ನೀಲನಕ್ಷೆ. ‘ರೋಲ್ ಔಟ್ ದ ರೆಡ್ ಕಾರ್ಪೆಟ್’ ಕೆಂಪುಹಾಸಿನ ಸ್ವಾಗತ. ‘ಕಿಲ್ ಟೂ ಬರ್ಡ್ಸ್ ವಿತ್ ಒನ್ ಸ್ಟೋನ್’ ಒಂದೇ ಕಲ್ಲಿಗೆ ಎರಡು ಹಕ್ಕಿ. ‘ಆ್ಯಡ್ ಫ್ಯೂಯಲ್ ಟು ದ ಫೈರ್’ ಎಂಬುದಕ್ಕೆ ಮಾತ್ರ ನಮ್ಮದೇ ಮಾತಿದೆ: ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು.

ಒಂದು ಎಚ್ಚರಿಕೆ. ನಮ್ಮ ಪತ್ರಿಕೆಗಳಲ್ಲಿ ‘ಕುದುರೆ ವ್ಯಾಪಾರ’ ಎಂದರೆ ಶಾಸಕರಿಗೆ ಆಮಿಷ ಒಡ್ಡಿ ಪಕ್ಷಾಂತರ ಮಾಡಿಸುವುದು. ಹೊರಗಿನ ಇಂಗ್ಲಿಷಿನಲ್ಲಿ ‘ಹಾರ್ಸ್ ಟ್ರೇಡಿಂಗ್’ ಎಂಬುದಕ್ಕೆ ಇಬ್ಬರೂ ಚಾಣಾಕ್ಷತನದಿಂದ ನಡೆಸುವ ಬಿಗಿ ಚೌಕಾಶಿ ಎಂಬಷ್ಟೇ ಅರ್ಥವಿರುವುದೂ ಉಂಟು. ಲಂಚದ ವಾಸನೆ ಎಲ್ಲ ಕಡೆಯೂ ಇರುವುದಿಲ್ಲ.

ಹೊಲ, ಮಳೆ, ಗಾಳಿಯ ಮಾತುಗಳು

ನುಡಿಗಟ್ಟು ಹುಟ್ಟುವುದು ಜನ ಬದುಕುವ ನೆಲದಲ್ಲಿ. ಇಂಗ್ಲೆಂಡಿನ ನೆಲ ಬೇರೆ, ನಮ್ಮ ಎರೆಹೊಲ ಬೇರೆ. ಎರಡರ ನಡುವಿನ ವ್ಯತ್ಯಾಸವನ್ನು ಕಂಡುಕೊಂಡರೆ ಅರ್ಥ ತಾನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಕೆಳಗಿನವುಗಳಲ್ಲಿ ಕೆಲವು ಗಾದೆಗಳೂ ಇವೆ, ಕಲಿಯುವ ದಾರಿ ಒಂದೇ.

‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂಬುದನ್ನು ನೋಡಿ. ಅಲ್ಲಿಯ ರೈತ ಬೇಸಿಗೆಯಲ್ಲಿ ಹುಲ್ಲು ಕೊಯ್ದು, ಬಿಸಿಲಿಗೆ ಒಣಗಿಸಿ, ಚಳಿಗಾಲದ ಮೇವಿಗೆ ಕೂಡಿಡಬೇಕು. ಬಿಸಿಲನ್ನು ನಂಬುವಂತಿಲ್ಲ, ನಡುವೆ ಮಳೆ ಹನಿದರೆ ಹುಲ್ಲು ಕೊಳೆಯಿತು. ಆದ್ದರಿಂದ ಬಿಸಿಲಿದ್ದಾಗಲೇ ಕೆಲಸ ಮುಗಿಸು ಎಂಬ ಮಾತು. ವಿಜಯಪುರ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ಇಲ್ಲಿ ರೈತ ಕಾಯುತ್ತಿದ್ದುದು ಗಾಳಿಗೆ. ಹಿಂಗಾರಿ ಜೋಳದ ರಾಶಿಯ ದಿನಗಳಲ್ಲಿ ತೆನೆ ತುಳಿಸಿ, ಕಣದಲ್ಲಿ ಎತ್ತರಕ್ಕೆ ನಿಂತು ಬುಟ್ಟಿಯಿಂದ ನಿಧಾನವಾಗಿ ಕಾಳು ಸುರಿದರೆ ಹೊಟ್ಟು ಗಾಳಿಗೆ ಹಾರಿ ದೂರ ಬೀಳುತ್ತಿತ್ತು, ತೂಕದ ಕಾಳು ನೇರ ಕೆಳಗೆ ಗುಡ್ಡೆಯಾಗುತ್ತಿತ್ತು. ಗಾಳಿ ನಿಂತರೆ ಬುಟ್ಟಿ ಇಳಿಸಿ ಕೂರಬೇಕು, ರಾತ್ರಿ ಗಾಳಿ ಎದ್ದರೆ ನಿದ್ದೆಯಿಂದೆದ್ದು ತೂರಬೇಕು. ರಾಶಿ ಮಷೀನು ಬಂದ ಮೇಲೆ ಆ ಕಾಯುವಿಕೆ ಕಡಿಮೆಯಾಗಿದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಮಾತು ಮಾತ್ರ ಉಳಿದಿದೆ. ಅಲ್ಲಿ ಬಿಸಿಲು, ಇಲ್ಲಿ ಗಾಳಿ, ಪ್ರಸಂಗ ಒಂದೇ: ಅನುಕೂಲ ಇರುವಾಗಲೇ ಬಳಸಿಕೋ. ಇದನ್ನು ಒಮ್ಮೆ ಹೀಗೆ ಕಂಡ ಹುಡುಗಿ ಇಂಗ್ಲಿಷ್ ಮಾತನ್ನು ಮರೆಯುವುದಿಲ್ಲ.

‘ಡೋಂಟ್ ಕೌಂಟ್ ಯುವರ್ ಚಿಕನ್ಸ್ ಬಿಫೋರ್ ದೇ ಆರ್ ಹ್ಯಾಚ್ಡ್’: ಮೊಟ್ಟೆ ಒಡೆಯುವ ಮುನ್ನ ಮರಿ ಎಣಿಸಬೇಡ. ನಮ್ಮಲ್ಲಿ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುತ್ತಾರೆ. ಬೆಳೆ ಕೈಗೆ ಬರುವ ಮುನ್ನ ಟ್ರ್ಯಾಕ್ಟರ್ ಬುಕ್ ಮಾಡುವವನಿಗೆ ಎರಡೂ ಸಲ್ಲುತ್ತವೆ.

‘ವನ್ಸ್ ಇನ್ ಎ ಬ್ಲೂ ಮೂನ್’: ಬಲು ಅಪರೂಪಕ್ಕೆ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಗೆ ಈಗ ‘ಬ್ಲೂ ಮೂನ್’ ಎನ್ನುತ್ತಾರೆ. 2023ರ ಆಗಸ್ಟ್ 31ರಂದು ಅಂಥದೊಂದು ಬಂದಿತ್ತು. ನಾವು ‘ಹುಣ್ಣಿಮಿಗೊಮ್ಮೆ ಅಮಾಸಿಗೊಮ್ಮೆ’ ಎನ್ನುತ್ತೇವೆ. ಇಂಗ್ಲಿಷ್ ಮಾತಿನ ಅಪರೂಪ ನಮ್ಮದಕ್ಕಿಂತ ಹೆಚ್ಚು. ತಿಂಗಳಿಗೊಮ್ಮೆ ಬರುವ ನೆಂಟನಿಗೆ ಅದು ಹೊಂದುವುದಿಲ್ಲ, ವರ್ಷಗಟ್ಟಲೆ ಮುಖ ತೋರದವನಿಗೆ ಹೊಂದುತ್ತದೆ.

‘ಎ ಬೋಲ್ಟ್ ಫ್ರಮ್ ದ ಬ್ಲೂ’: ನಿರೀಕ್ಷೆಯೇ ಇಲ್ಲದ ಆಘಾತದ ಸುದ್ದಿ. ಮೋಡವಿಲ್ಲದ ನೀಲಿ ಆಕಾಶದಿಂದ ಬಿದ್ದ ಸಿಡಿಲು. ಕನ್ನಡದ ‘ಬರಸಿಡಿಲು ಬಡಿದಂತೆ’ ಇದಕ್ಕೆ ತಕ್ಕ ಜೋಡಿ.

‘ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’: ಮಳೆ ಧೋ ಎಂದು ಸುರಿಯುತ್ತಿದೆ. ಪಠ್ಯಪುಸ್ತಕಗಳು ಇದನ್ನು ಬಿಡುವುದಿಲ್ಲ, ಪರೀಕ್ಷೆಗೆ ತಿಳಿದಿರಲಿ. ಇಂದಿನ ಇಂಗ್ಲಿಷ್ ಮಾತಿನಲ್ಲಿ ಇದು ಹಳೆಯದಾಗಿದೆ, ‘ಪೋರಿಂಗ್’ ಎಂದರೆ ಸಹಜವಾಗಿ ಕೇಳುತ್ತದೆ.

‘ಅಂಡರ್ ದ ವೆದರ್’: ಇದಕ್ಕೂ ಹವಾಮಾನಕ್ಕೂ ಸಂಬಂಧವಿಲ್ಲ. ‘ಮೈಯಾಗ ಆರಾಮಿಲ್ಲರಿ’ ಎಂದು ನಾವು ಹೇಳುವುದೇ ಇದು. ನೆಗಡಿ, ಸಣ್ಣ ಜ್ವರ, ಸುಸ್ತಿಗೆ ಬಳಸಬಹುದು. ಆಸ್ಪತ್ರೆಯಲ್ಲಿ ದೊಡ್ಡ ಕಾಯಿಲೆಯಿಂದ ಮಲಗಿದವರ ಬಗ್ಗೆ ಹೀಗೆ ಹೇಳಿದರೆ ಹಗುರ ಮಾಡಿದಂತೆ.

‘ಕ್ಯಾರಿ ಕೋಲ್ಸ್ ಟು ನ್ಯೂಕಾಸಲ್’: ನ್ಯೂಕಾಸಲ್ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿಗೆ ಹೆಸರಾಗಿದ್ದ ಊರು. ಅಲ್ಲಿಗೇ ಇದ್ದಲು ಹೊತ್ತೊಯ್ದರೆ ಏನು ಉಪಯೋಗ? ಇಂಡಿಯ ಓದುಗರು ಇದನ್ನು ‘ಇಂಡಿಗೆ ಲಿಂಬಿಹಣ್ಣು ಒಯ್ದಂಗ’ ಎಂದು ನೆನಪಿಟ್ಟುಕೊಳ್ಳಲಿ. ಕೊಲ್ಹಾರದ ಕಡೆಯವರು ‘ಕೊಲ್ಹಾರಕ್ಕೆ ಮೊಸರು ಒಯ್ದಂಗ’ ಎಂದುಕೊಂಡರೂ ಸರಿಯೇ.

‘ಮೀಟ್ ಒನ್ಸ್ ವಾಟರ್ಲೂ’: ಗೆಲ್ಲುತ್ತಲೇ ಬಂದವನು ಮತ್ತೆ ಏಳದಂಥ ಸೋಲು ಕಾಣುವುದು. 1815ರ ಜೂನ್ 18ರಂದು ವಾಟರ್ಲೂ ಎಂಬಲ್ಲಿ ನೆಪೋಲಿಯನ್ ಸೋತ. ಮುದ್ದೇಬಿಹಾಳ, ತಾಳಿಕೋಟಿಯ ಮಕ್ಕಳಿಗೆ 1565ರ ರಕ್ಕಸತಂಗಡಗಿ ಯುದ್ಧದ ಪಾಠ ಬಾಲ್ಯದಿಂದಲೇ ಗೊತ್ತು. ವಿಜಯನಗರದ ಪಾಲಿಗೆ ಅದು ಏನಾಯಿತೋ, ನೆಪೋಲಿಯನ್ ಪಾಲಿಗೆ ವಾಟರ್ಲೂ ಅದೇ ಆಯಿತು.

ಕೈ, ಕಾಲು, ಕಣ್ಣು: ಇಲ್ಲಿ ಹುಷಾರು

ಮೈಯ ಅಂಗಗಳ ನುಡಿಗಟ್ಟು ಎರಡೂ ಭಾಷೆಗಳಲ್ಲಿ ಬೇಕಾದಷ್ಟಿವೆ. ಕೆಲವು ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಮೂಗು ತೂರಿಸುವುದು ‘ಪೋಕ್ ಒನ್ಸ್ ನೋಸ್’, ಬೆನ್ನಿಗೆ ಚೂರಿ ಹಾಕುವುದು ‘ಸ್ಟ್ಯಾಬ್ ಇನ್ ದ ಬ್ಯಾಕ್’, ಹಲ್ಲು ಕಚ್ಚಿ ಸಹಿಸುವುದು ‘ಗ್ರಿಟ್ ಒನ್ಸ್ ಟೀತ್’, ಕಣ್ಣಿಗೆ ಮಣ್ಣೆರಚುವುದು ‘ಥ್ರೋ ಡಸ್ಟ್ ಇನ್ ದ ಐಸ್’, ಮೈಯೆಲ್ಲ ಕಿವಿಯಾಗಿ ಕೇಳುವುದು ‘ಬಿ ಆಲ್ ಇಯರ್ಸ್’.

ಮುಖ ಒಂದೇ ಇದ್ದು ಅರ್ಥ ಬೇರೆಯಾಗುವ ಜೋಡಿಗಳೂ ಇವೆ. ಹೆಚ್ಚು ಮಂದಿ ಎಡವುವುದು ಇವುಗಳಲ್ಲಿ.

‘ಗಿವ್ ಮಿ ಎ ಹ್ಯಾಂಡ್’ ಅಥವಾ ‘ಲೆಂಡ್ ಎ ಹ್ಯಾಂಡ್’ ಎಂದರೆ ಸಹಾಯ ಮಾಡು. ನಮ್ಮಲ್ಲಿ ‘ಕೈ ಕೊಟ್ಟ’ ಎಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟ. ಅರ್ಥ ಪೂರಾ ಉಲ್ಟಾ. ಇಂಗ್ಲಿಷ್ ಮಾತಿಗೆ ನಮ್ಮ ಸರಿಜೋಡಿ ‘ಒಂಚೂರು ಕೈ ಹಚ್ಚೋ ತಮ್ಮಾ’ ಎಂಬುದು. ಅನುವಾದದ ಪ್ರಶ್ನೆಯಲ್ಲಿ ‘ನೆರೆಯವರು ಕೈ ಕೊಟ್ಟರು’ ಎಂದು ಬಂದರೆ ‘ದೇ ಗೇವ್ ಎ ಹ್ಯಾಂಡ್’ ಎಂದು ಬರೆಯಬಾರದು, ‘ದೇ ಲೆಟ್ ಅಸ್ ಡೌನ್’ ಎನ್ನಬೇಕು.

‘ಪುಲ್ ಸಮ್‌ವನ್ಸ್ ಲೆಗ್’ ಎಂದರೆ ತಮಾಷೆಗೆ ಸುಳ್ಳು ಹೇಳಿ ಕೀಟಲೆ ಮಾಡುವುದು. ಕನ್ನಡದ ‘ಕಾಲೆಳೆ’ ತಮಾಷೆಗೂ ಸಲ್ಲುತ್ತದೆ, ಬೆಳೆಯುವವನನ್ನು ಕೆಳಗೆ ಕೆಡವುವುದಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಆ ಎರಡನೆಯ ಅರ್ಥವಿಲ್ಲ. ‘ನನ್ನ ಏಳಿಗೆ ಸಹಿಸದೆ ಕಾಲೆಳೆದರು’ ಎಂಬುದಕ್ಕೆ ‘ದೇ ಪುಲ್ಡ್ ಮೈ ಲೆಗ್’ ಎಂದರೆ ಕೇಳಿದವರು ನಕ್ಕು ಸುಮ್ಮನಾಗುತ್ತಾರೆ, ನಿಮ್ಮ ನೋವು ಅವರಿಗೆ ಮುಟ್ಟುವುದಿಲ್ಲ.

‘ಫೈರ್ ಇನ್ ದ ಬೆಲ್ಲಿ’ ಎಂದರೆ ಸಾಧಿಸುವ ಛಲ, ಹಸಿವು. ಕನ್ನಡದ ಹೊಟ್ಟೆಕಿಚ್ಚು ಮತ್ಸರ. ಮೊದಲನೆಯದು ಹೊಗಳಿಕೆ, ಎರಡನೆಯದು ಬೈಗಳು.

‘ಕೀಪ್ ಆ್ಯನ್ ಐ ಆನ್’ ಎಂದರೆ ನಿಗಾ ಇಡು. ‘ನನ್ನ ಚೀಲದ ಕಡಿ ಲಕ್ಷ್ಯ ಇರಲಿ ಅಕ್ಕಾ’ ಎಂದು ಬಸ್‌ ನಿಲ್ದಾಣದಲ್ಲಿ ಹೇಳುತ್ತೇವಲ್ಲ, ಅದು. ‘ಕಣ್ಣು ಹಾಕು’ ಎಂದು ತಿಳಿದರೆ ಆಸೆಬುರುಕತನವೋ ದೃಷ್ಟಿ ತಾಗಿಸುವುದೋ ಆದೀತು.

‘ಲರ್ನ್ ಬೈ ಹಾರ್ಟ್’ ಎಂದರೆ ಬಾಯಿಪಾಠ ಮಾಡುವುದು. ನಮ್ಮ ಶಾಲೆಗಳಲ್ಲಿ ‘ಬೈಹಾರ್ಟ್ ಮಾಡಿದೆ’ ಎನ್ನುವುದು ರೂಢಿ. ಕನ್ನಡ ಮಾತಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಮಾತ್ರ ‘ಐ ಬೈಹಾರ್ಟೆಡ್ ದ ಪೊಯೆಮ್’ ತಪ್ಪು, ‘ಐ ಲರ್ನ್ಡ್ ದ ಪೊಯೆಮ್ ಬೈ ಹಾರ್ಟ್’ ಸರಿ.

ಕಚೇರಿ, ಸಂದರ್ಶನ, ಕೆಲಸದ ಜಾಗ

ಓದು ಮುಗಿಸಿ ಬೆಂಗಳೂರು, ಪುಣೆ, ಸೋಲಾಪುರದ ಕಡೆ ಕೆಲಸಕ್ಕೆ ಹೋಗುವವರಿಗೆ, ಇಲ್ಲಿಯೇ ಬ್ಯಾಂಕು, ಸರ್ಕಾರಿ ಕಚೇರಿ ಸೇರುವವರಿಗೆ ಕೆಳಗಿನವು ಮೊದಲ ತಿಂಗಳಲ್ಲೇ ಕಿವಿಗೆ ಬೀಳುತ್ತವೆ.

‘ಬ್ರೇಕ್ ದ ಐಸ್’: ಪರಿಚಯವಿಲ್ಲದವರ ನಡುವಿನ ಬಿಗಿ ಸಡಿಲಿಸಿ ಮಾತು ಶುರುಮಾಡುವುದು. ನಮ್ಮಲ್ಲಿ ‘ಯಾವೂರಾತ್ರೀ ನಿಮ್ದು?’ ಎಂಬ ಒಂದೇ ಪ್ರಶ್ನೆ ಆ ಕೆಲಸ ಮಾಡಿಬಿಡುತ್ತದೆ.

‘ಬೀಟ್ ಅರೌಂಡ್ ದ ಬುಷ್’: ಸುತ್ತಿ ಬಳಸಿ ಮಾತಾಡುವುದು. ಹಕ್ಕಿ ಬೇಟೆಯಲ್ಲಿ ಪೊದೆಯ ಸುತ್ತ ಬಡಿದು ಹಕ್ಕಿ ಎಬ್ಬಿಸುತ್ತಿದ್ದರು, ಹಿಡಿಯುವ ಕೆಲಸ ಆಮೇಲೆ. ಸಂದರ್ಶನದಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಹೀಗೆ ಮಾಡುವುದಕ್ಕಿಂತ ಗೊತ್ತಿಲ್ಲವೆಂದು ನೇರವಾಗಿ ಹೇಳುವುದು ಲೇಸು.

‘ರೆಡ್ ಟೇಪ್’: ಕೆಲಸ ಮುಂದೆ ಸಾಗದಂತೆ ತಡೆಯುವ ಅತಿಯಾದ ಕಚೇರಿ ವಿಧಿವಿಧಾನ. ಬ್ರಿಟನ್ನಿನಲ್ಲಿ ಸರ್ಕಾರಿ ಕಾಗದಪತ್ರಗಳ ಕಟ್ಟಿಗೆ ಕೆಂಪು ಪಟ್ಟಿ ಬಿಗಿಯುತ್ತಿದ್ದುದರಿಂದ ಬಂದ ಮಾತು. ಉತಾರಕ್ಕಾಗಿ, ಪಿಂಚಣಿಗಾಗಿ ಕಚೇರಿ ಅಲೆದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ.

‘ಆ್ಯಟ್ ದ ಇಲೆವನ್ತ್ ಅವರ್’: ಕಟ್ಟಕಡೆಯ ಗಳಿಗೆಯಲ್ಲಿ. ಹನ್ನೊಂದು ಗಂಟೆಗೆ ಎಂದಲ್ಲ. ಬೈಬಲ್ಲಿನ ದ್ರಾಕ್ಷಿತೋಟದ ಕೂಲಿಗಳ ಕಥೆಯಲ್ಲಿ ಹನ್ನೆರಡು ತಾಸಿನ ಹಗಲಿನ ಹನ್ನೊಂದನೆಯ ತಾಸಿಗೆ ಬಂದವರಿಗೂ ಕೂಲಿ ಸಿಗುತ್ತದೆ. ಅಲ್ಲಿಂದ ಬಂದ ಮಾತಿದು. ಅರ್ಜಿ ಹಾಕಲು ಕೊನೆಯ ದಿನ ಸಂಜೆ ಸೈಬರ್ ಕೇಂದ್ರಕ್ಕೆ ಓಡುವುದು ಇದಕ್ಕೆ ತಕ್ಕ ಉದಾಹರಣೆ.

‘ಟರ್ನ್ ಎ ಬ್ಲೈಂಡ್ ಐ’: ಕಂಡೂ ಕಾಣದಂತಿರುವುದು. 1801ರ ಕೋಪನ್‌ಹೇಗನ್ ಕದನದಲ್ಲಿ ನೌಕಾಧಿಪತಿ ನೆಲ್ಸನ್ ಹಿಂದೆ ಸರಿಯುವ ಸಂಕೇತ ಬಂದಾಗ ದುರ್ಬೀನನ್ನು ತನ್ನ ಕುರುಡು ಕಣ್ಣಿಗೆ ಹಿಡಿದು ‘ಕಾಣಿಸುತ್ತಿಲ್ಲ’ ಎಂದನೆಂಬ ಕಥೆ ಇದರ ಜೊತೆ ಹಬ್ಬಿದೆ.

‘ಬರ್ನ್ ದ ಮಿಡ್‌ನೈಟ್ ಆಯಿಲ್’: ತಡರಾತ್ರಿಯವರೆಗೆ ಎಚ್ಚರವಿದ್ದು ಓದುವುದು ಅಥವಾ ದುಡಿಯುವುದು. ಎಣ್ಣೆ ದೀಪದ ಕಾಲದ ಮಾತು. ಕಂದೀಲಿನ ಬೆಳಕಿನಲ್ಲಿ ಓದಿ ಮುಂದೆ ಬಂದ ಹಿರಿಯರು ನಮ್ಮ ಪ್ರತಿ ಹಳ್ಳಿಯಲ್ಲೂ ಇದ್ದಾರೆ.

‘ಎ ಪೀಸ್ ಆಫ್ ಕೇಕ್’: ಸುಲಿದ ಬಾಳೆಹಣ್ಣಿನಷ್ಟು ಸುಲಭ. ‘ಬೈಟ್ ದ ಬುಲೆಟ್’: ತಪ್ಪಿಸಲಾಗದ ಕಷ್ಟವನ್ನು ಧೈರ್ಯದಿಂದ ಎದುರಿಸುವುದು. ‘ಕಾಲ್ ಇಟ್ ಎ ಡೇ’: ಇವತ್ತಿಗೆ ಸಾಕು ಎಂದು ಕೆಲಸ ನಿಲ್ಲಿಸುವುದು. ‘ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್’: ಬಾಯಿತಪ್ಪಿ ಗುಟ್ಟು ರಟ್ಟುಮಾಡುವುದು. ‘ಬಿಟ್ವೀನ್ ದ ಡೆವಿಲ್ ಆ್ಯಂಡ್ ದ ಡೀಪ್ ಸೀ’: ಅತ್ತ ದರಿ, ಇತ್ತ ಪುಲಿ. ‘ಕಟ್ ಯುವರ್ ಕೋಟ್ ಅಕಾರ್ಡಿಂಗ್ ಟು ಯುವರ್ ಕ್ಲಾತ್’: ಹಾಸಿಗೆ ಇದ್ದಷ್ಟು ಕಾಲು ಚಾಚು.

ಇನ್ನೊಂದು ಮಾತು. ‘ಔಟ್ ಆಫ್ ಸ್ಟೇಷನ್’, ‘ಡು ದ ನೀಡ್‌ಫುಲ್’ ಇವು ಭಾರತದ ಕಚೇರಿಗಳಲ್ಲಿ ನಡೆಯುವ ಇಂಗ್ಲಿಷ್. ನಮ್ಮ ದೇಶದೊಳಗೆ ಎಲ್ಲರಿಗೂ ತಿಳಿಯುತ್ತವೆ. ಹೊರದೇಶದ ಗ್ರಾಹಕರಿಗೋ ಕಂಪನಿಗೋ ಬರೆಯುವಾಗ ‘ಊರಿನಲ್ಲಿಲ್ಲ’, ‘ದಯವಿಟ್ಟು ಇದನ್ನು ಮಾಡಿಕೊಡಿ’ ಎಂಬುದನ್ನು ನೇರ ಇಂಗ್ಲಿಷಿನಲ್ಲಿ ಬರೆಯುವುದು ಒಳ್ಳೆಯದು.

ಯಾರ ಮುಂದೆ, ಯಾವ ಮಾತು

ಅರ್ಥ ಗೊತ್ತಾದರೆ ಸಾಲದು, ಮಾತಿನ ಮರ್ಯಾದೆಯೂ ಗೊತ್ತಿರಬೇಕು. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು. ಎಲ್ಲ ಪಟ್ಟಿಗಳಲ್ಲೂ ಇದು ಇರುತ್ತದೆ, ಅರ್ಥವನ್ನೂ ಸರಿಯಾಗಿಯೇ ಕೊಟ್ಟಿರುತ್ತಾರೆ. ಎಲ್ಲಿ ಬಳಸಬಾರದು ಎಂಬುದನ್ನು ಮಾತ್ರ ಹೇಳಿರುವುದಿಲ್ಲ. ಕನ್ನಡದಲ್ಲಿ ‘ಗೊಟಕ್ ಅಂದ’ ಎಂಬುದಕ್ಕೆ ಇರುವ ಹಗುರತನವೇ ಇದಕ್ಕೂ ಇದೆ. ರಜೆ ಚೀಟಿಯಲ್ಲಿ ‘ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್’ ಎಂದು ಬರೆದರೆ ಸತ್ತ ಅಜ್ಜನಿಗೆ ಮಾಡಿದ ಅಗೌರವ. ‘ತೀರಿಕೊಂಡರು’ ಎಂಬ ಗೌರವಕ್ಕೆ ‘ಪಾಸ್ಡ್ ಅವೇ’ ಎಂಬುದೇ ಸರಿ.

ಅರ್ಜಿ, ದೂರು, ಸರ್ಕಾರಿ ಪತ್ರ, ಸಂತಾಪ ಸೂಚನೆಗಳಲ್ಲಿ ನುಡಿಗಟ್ಟು ಆದಷ್ಟು ಬೇಡ. ಪ್ರಬಂಧ, ಭಾಷಣ, ಸ್ನೇಹಿತರ ಮಾತಿನಲ್ಲಿ ಇರಲಿ. ಪ್ರಬಂಧದಲ್ಲೂ ಪುಟಕ್ಕೆ ಒಂದೆರಡು ಸಾಕು, ಸಾಲುಸಾಲಿಗೂ ತುರುಕಿದರೆ ಓದುವವರಿಗೆ ಬೇಸರ.

ತಿಳಿದಿರಬೇಕಾದ ಮೂರು ನಿಯಮ

ಒಂದು, ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ, ಉಳಿದ ಪದಗಳು ಬದಲಾಗುವುದಿಲ್ಲ. ‘ಬ್ರೇಕ್ ದ ಐಸ್’ ಭೂತಕಾಲದಲ್ಲಿ ‘ಬ್ರೋಕ್ ದ ಐಸ್’ ಆಗುತ್ತದೆ.

ಎರಡು, ನಿಘಂಟಿನಲ್ಲಿ ‘ಒನ್ಸ್’ ಅಥವಾ ‘ಸಮ್‌ವನ್ಸ್’ ಎಂದಿರುವ ಕಡೆ ವಾಕ್ಯದಲ್ಲಿ ‘ಮೈ’, ‘ಹಿಸ್’, ‘ಹರ್’, ‘ದೇರ್’ ಹಾಕಬೇಕು. ‘ಹಿ ಮೆಟ್ ಒನ್ಸ್ ವಾಟರ್ಲೂ’ ತಪ್ಪು, ‘ಹಿ ಮೆಟ್ ಹಿಸ್ ವಾಟರ್ಲೂ’ ಸರಿ.

ಮೂರು, ಪದಗಳ ಸಾಲು, ಏಕವಚನ ಬಹುವಚನ, ಪದದ ಆಯ್ಕೆ ಕದಲಬಾರದು. ‘ಡಾಗ್ಸ್ ಆ್ಯಂಡ್ ಕ್ಯಾಟ್ಸ್’ ನಡೆಯದು, ‘ಕೋಲ್ಡ್ ಫುಟ್’ ನಡೆಯದು. 

ಪರೀಕ್ಷೆಯ ಕೋಣೆಯಲ್ಲಿ

ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗದ ಪರೀಕ್ಷೆಗಳ ಇಂಗ್ಲಿಷ್ ವಿಭಾಗದಲ್ಲಿ ನುಡಿಗಟ್ಟಿನ ಪ್ರಶ್ನೆ ಬರುತ್ತಲೇ ಇರುತ್ತದೆ. 2023ರಲ್ಲಿ ಆಯೋಗ ಕೆಲವು ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯುವ ಅವಕಾಶ ಕೊಟ್ಟಿತು. ನಮ್ಮ ಭಾಗದವರಿಗೆ ಅದು ದೊಡ್ಡ ಅನುಕೂಲ. ಆದರೂ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದೆ, ಅದನ್ನು ದಾಟಲೇಬೇಕು. ಪದವೀಧರ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಪ್ರತಿ ತಪ್ಪಿಗೆ 0.50 ಅಂಕ ಕಳೆಯುತ್ತಾರೆ. ಕಣ್ಣುಮುಚ್ಚಿ ಊಹಿಸಿದರೆ ನಷ್ಟ.

ಪ್ರಶ್ನೆ ಬಿಡಿಸುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡೋಣ. ವಾಕ್ಯ: ‘ದ ನ್ಯೂ ಕ್ಲರ್ಕ್ ಈಸ್ ಸ್ಟಿಲ್ ಲರ್ನಿಂಗ್ ದ ರೋಪ್ಸ್.’ ನಾಲ್ಕು ಉತ್ತರಗಳ ಅರ್ಥ ಹೀಗಿದೆ ಎಂದುಕೊಳ್ಳಿ: ಹಗ್ಗ ಹೊಸೆಯಲು ಕಲಿಯುತ್ತಿದ್ದಾನೆ, ಕೆಲಸದ ಒಳಹೊರಗು ಕಲಿಯುತ್ತಿದ್ದಾನೆ, ಕಷ್ಟಕ್ಕೆ ಸಿಕ್ಕಿದ್ದಾನೆ, ಕೆಲಸ ಬಿಡಲಿದ್ದಾನೆ.

ಮೊದಲು ಪದಕ್ಕೆ ಪದ ಹೊಂದುವ ಉತ್ತರವನ್ನು ಅನುಮಾನದಿಂದ ನೋಡಿ. ‘ಹಗ್ಗ’ ಎಂದಿರುವುದು ಬಲೆ. ಆಮೇಲೆ ವಾಕ್ಯದ ಉಳಿದ ಪದಗಳನ್ನು ಹಿಡಿಯಿರಿ. ‘ನ್ಯೂ’ ಇದೆ, ಅವನು ಹೊಸಬ. ‘ಸ್ಟಿಲ್’ ಇದೆ, ಇನ್ನೂ ಮುಗಿದಿಲ್ಲ. ಹೊಸಬ ಇನ್ನೂ ಮುಗಿಸದ ಕೆಲಸ ಯಾವುದು? ಕೆಲಸ ಕಲಿಯುವುದು. ಕೊನೆಗೆ ಮಾತಿನ ಧಾಟಿ ನೋಡಿ: ಇಲ್ಲಿ ದೂರೂ ಇಲ್ಲ, ದುಃಖವೂ ಇಲ್ಲ, ಹಾಗಾಗಿ ಕಷ್ಟದ ಉತ್ತರವೂ ಬಿದ್ದುಹೋಯಿತು. ಎರಡನೆಯದೇ ಸರಿ. ಹಾಯಿಹಡಗಿಗೆ ಹೊಸದಾಗಿ ಸೇರಿದವನು ಯಾವ ಹಗ್ಗ ಎಳೆದರೆ ಯಾವ ಹಾಯಿ ಬಿಚ್ಚುತ್ತದೆಂದು ಕಲಿಯಬೇಕಿತ್ತು, ಅಲ್ಲಿಂದ ಬಂದ ಮಾತಿದು.

ಅನುವಾದದ ಪತ್ರಿಕೆ ಇರುವ ಪರೀಕ್ಷೆಗಳಿಗೆ ಓದುವವರು ಮೇಲೆ ಹೇಳಿದ ‘ಕೈ ಕೊಡು’, ‘ಕಾಲೆಳೆ’ ಮಾದರಿಯ ಜೋಡಿಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಲಿ. ಸರಿಜೋಡಿ ನೆನಪಾಗದಿದ್ದರೆ ನುಡಿಗಟ್ಟಿನ ಹಂಗು ಬಿಟ್ಟು ಅರ್ಥವನ್ನು ಸರಳ ವಾಕ್ಯದಲ್ಲಿ ಬರೆದುಬಿಡಿ. ಪದಕ್ಕೆ ಪದ ಇಟ್ಟು ಅರ್ಥ ಕೆಡಿಸುವುದಕ್ಕಿಂತ ಅದು ಸಾವಿರ ಪಾಲು ವಾಸಿ.

ಒಂದು ನೋಟ್‌ಬುಕ್, ಎರಡು ನಿಘಂಟು, ಮನೆಯ ಹಿರಿಯರು

ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಪುಟಕ್ಕೆ ನಾಲ್ಕು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಇಂಗ್ಲಿಷ್ ನುಡಿಗಟ್ಟು. ಎರಡನೆಯದರಲ್ಲಿ ಯಾವ ಪ್ರಸಂಗಕ್ಕೆ ಎಂದು ಒಂದು ಸಾಲು. ಮೂರನೆಯದರಲ್ಲಿ ಅದೇ ಪ್ರಸಂಗಕ್ಕೆ ನಿಮ್ಮ ಮನೆಯಲ್ಲಿ ಆಡುವ ಮಾತು. ನಾಲ್ಕನೆಯದರಲ್ಲಿ ನೀವೇ ಕಟ್ಟಿದ ಇಂಗ್ಲಿಷ್ ವಾಕ್ಯ, ಅದರಲ್ಲಿ ನಿಮ್ಮ ಊರು, ನಿಮ್ಮ ಹೊಲ, ನಿಮ್ಮ ಗೆಳೆಯರು ಇರಲಿ. ಅಕಾರಾದಿಯಾಗಿ ಜೋಡಿಸಬೇಡಿ. ಸಿಟ್ಟು, ಸುಲಭ, ಗುಟ್ಟು, ಸಹಾಯ, ತಡ, ಹಣ ಹೀಗೆ ಪ್ರಸಂಗದ ಗುಂಪು ಮಾಡಿ. ಬೇಕಾದಾಗ ನೆನಪಿಗೆ ಬರುವುದು ಗುಂಪಿನಿಂದಲೇ.

ಅರ್ಥ ಖಚಿತ ಮಾಡಿಕೊಳ್ಳಲು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ನೋಡಿ. ಪದದ ಅರ್ಥಗಳ ಕೆಳಗೆ ‘ಪದಗುಚ್ಛ’, ‘ನುಡಿಗಟ್ಟು’ ಎಂದು ಬೇರೆಯಾಗಿಯೇ ಕೊಟ್ಟಿರುತ್ತಾರೆ. ಮೊದಲು ನುಡಿಗಟ್ಟಿನ ಮುಖ್ಯ ನಾಮಪದದಡಿ ಹುಡುಕಿ, ಅಲ್ಲಿ ಸಿಗದಿದ್ದರೆ ಕ್ರಿಯಾಪದದಡಿ ಹುಡುಕಿ. ಕನ್ನಡದಿಂದ ಇಂಗ್ಲಿಷಿಗೆ ಹೋಗುವವರಿಗೆ ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇಂದಿಗೂ ಭಂಡಾರ. ಅದರಲ್ಲಿ ಪದಗಳ ಜೊತೆ ನೂರಾರು ಗಾದೆಗಳೂ ಇವೆ.

ಮೂರನೆಯ ಅಂಕಣಕ್ಕೆ ಮಾತ್ರ ಯಾವ ನಿಘಂಟೂ ಸಾಲದು. ಅದನ್ನು ತುಂಬುವವರು ಅಮ್ಮ, ಆಯಿ, ಮುತ್ಯಾ, ಹೊಲದ ಕೆಲಸಕ್ಕೆ ಬರುವ ಕಾಕಾ. ಈ ನೆಲದಲ್ಲಿ ಇದು ಹೊಸ ಕೆಲಸವೇನಲ್ಲ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಓದುಬರಹ ಬಾರದ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ಬಂದ ‘ಗರತಿಯ ಹಾಡು’ ಆ ಕೇಳುವಿಕೆಯ ಫಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ದೊಡ್ಡ ವಿಚಾರವನ್ನು ದುಡಿಯುವ ಜನರ ಆಡುಮಾತಿನಲ್ಲೇ ಹೇಳಿದರು. ಇಂಥ ನೆಲದ ಮಗು ತನ್ನ ಆಡುಮಾತಿಗೆ ನಾಚಿಕೊಂಡು ಇಂಗ್ಲಿಷ್ ಕಲಿಯಬೇಕಾದ ಅಗತ್ಯ ಖಂಡಿತ ಇಲ್ಲ.

ಶಿಕ್ಷಕರಲ್ಲಿ ಒಂದು ವಿನಂತಿ. ನುಡಿಗಟ್ಟಿನ ಪಾಠದ ದಿನ ಇಂಗ್ಲಿಷ್ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುವ ಮುನ್ನ ಪ್ರಸಂಗವನ್ನು ಕನ್ನಡದಲ್ಲಿ ಹೇಳಿ, ‘ಇದಕ್ಕ ನಿಮ್ಮ ಮನ್ಯಾಗ ಏನಂತಾರ?’ ಎಂದು ಕೇಳಿ. ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ. ಆ ಉತ್ತರದ ಪಕ್ಕದಲ್ಲಿ ಇಂಗ್ಲಿಷ್ ರೂಪ ಬರೆದರೆ ಪಾಠ ಹಿಡಿಯುತ್ತದೆ.

ಈ ವಾರ ಐದರಿಂದ ಶುರುಮಾಡಿ: ಮೇಕ್ ಹೇ ವೈಲ್ ದ ಸನ್ ಶೈನ್ಸ್, ಅಂಡರ್ ದ ವೆದರ್, ಲೆಂಡ್ ಎ ಹ್ಯಾಂಡ್, ಬೀಟ್ ಅರೌಂಡ್ ದ ಬುಷ್, ಆ್ಯಟ್ ದ ಇಲೆವನ್ತ್ ಅವರ್. ಪ್ರತಿಯೊಂದಕ್ಕೂ ಮನೆಯ ಮಾತೊಂದನ್ನು ಹುಡುಕಿ, ನಿಮ್ಮದೇ ಎರಡು ವಾಕ್ಯ ಬರೆದು, ಇಂಗ್ಲಿಷ್ ಕಲಿಸುವ ಸರ್ ಅಥವಾ ಅಕ್ಕೋರಿಗೆ ತೋರಿಸಿ. ಮುಂದಿನ ವಾರ ಇನ್ನೈದು. ವಾರಕ್ಕೆ ಐದರಂತೆ ಬಿಡದೆ ನಡೆದರೆ ವರ್ಷಕ್ಕೆ ಇನ್ನೂರೈವತ್ತು ದಾಟುತ್ತವೆ. ಪರೀಕ್ಷೆಗೂ ಕೆಲಸಕ್ಕೂ ಅಷ್ಟು ಧಾರಾಳ ಸಾಕು.